ಕೊಂಢವಾ ದವಾಖಾನೆಯ ಬೋಣಿಗೆ

ಪುಣೆಯಲ್ಲಿ ಇಪ್ಪತ್ತು ವರ್ಷ ಸೀರೆ ಅಂಗಡಿ ನಡೆಸಿದವನಿಗೆ ಒಂದು ದವಾಖಾನೆ ತೆರೆಯುವುದೇನು ಮಹಾ ಕೆಲಸ? ಮಗಳು ಶೋಭಾ ಡಾಕ್ಟರಾಗಿ, ಸರ್ಕಾರಕ್ಕೆ ಬರೆದುಕೊಟ್ಟ ಬಾಂಡಿನ ಪ್ರಕಾರ ದೌಂಡದ ಹತ್ತಿರದ ಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದ ಸೇವೆ ಮುಗಿಸುತ್ತಿದ್ದಳು. ನಾನು ಪುಣೆಯ ಕೊಂಢವಾ ಬಡಾವಣೆಯಲ್ಲಿ ಜಾಗ ಹಿಡಿದೆ, ಅವಳ ಹೆಸರಿನ ಬೋರ್ಡು ಬರೆಸಿದೆ, ಮುಹೂರ್ತ ತೆಗೆಸಿದೆ. ಅವಳನ್ನು ಕೇಳುವುದೊಂದು ಬಾಕಿ ಉಳಿಯಿತು.

"ಮೊದಲ ಆಕಿನ್ನ ಕೇಳ್ರಿ," ಎಂದಳು ಹೆಂಡತಿ.

"ಸ್ವಂತ ದವಾಖಾನಿ ಯಾರ ಬ್ಯಾಡ ಅಂತಾರ?" ಎಂದೆ.

ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ದಿನವೇ ಕೆಟ್ಟಿತೆಂದು ನಂಬುವ ವ್ಯಾಪಾರಿ ನಾನು. ದವಾಖಾನೆಯ ಬೋಣಿಗೆಗೂ, ಅಂದರೆ ಮೊದಲ ವ್ಯಾಪಾರಕ್ಕೂ, ಒಬ್ಬ ಲಕ್ಷಣವಾದ ರೋಗಿ ಬೇಕಿತ್ತು. ಪಕ್ಕದ ಮನೆಯ ಕುಲಕರ್ಣಿಯವರನ್ನು ವಿನಯದಿಂದ ಪ್ರಾರ್ಥಿಸಿದೆ: "ನಾಳೆ ಸಂಜಿ ಆರಕ್ಕ ಸ್ವಲ್ಪ ಕೆಮ್ಮು ತಗೊಂಡು ಬರ್ರಿ."

"ನಾ ಭಾಳ ಆರಾಮ ಅದೀನ್ರಿ!" ಎಂದು ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಮಗಳನ್ನು ಕರೆತರಲು ದೌಂಡದ ರೈಲು ಹತ್ತಿದೆ. ಪೂಜೆಯಾಗುವವರೆಗೆ ಹನಿ ನೀರೂ ಮುಟ್ಟೆನೆಂದು ವ್ರತ ಬೇರೆ! ಆಸ್ಪತ್ರೆಯ ಸಾಲು ಅಂಗಳದ ಬೇವಿನ ಗಿಡದವರೆಗೂ ಇತ್ತು. ಡಾಕ್ಟರ ತಂದೆ ಎಂದು ನುಗ್ಗಿದವನನ್ನು, ಕಲಬುರ್ಗಿ ಕಡೆಯಿಂದ ಕೂಲಿಗೆ ಬಂದ ಮುದುಕಿಯೊಬ್ಬಳು ತಡೆದಳು.

"ಹಿಂದ ನಿಂದರ್ರಿ, ಸಾಲು ಎಲ್ಲಾರಿಗೂ ಒಂದ ಅದ," ಎಂದವಳು ಮೆಲ್ಲಗೆ ಕೇಳಿದಳು, "ವರ್ಷಕ್ಕೊಬ್ಬರು ಡಾಕ್ಟರ್ ಬರ್ತಾರ್ರಿ. ನಮ್ಮ ಬ್ಯಾನಿ ಅವರಿಗೆ ಗೊತ್ತಾಗೂದ್ರಾಗ ಹೊಂಟ ಹೋಗ್ತಾರ. ನಿಮ್ಮ ಮಗಳಿಗೆ ನಮ್ಮ ಮಾತೂ ತಿಳೀತದ. ಈಕಿನೂ ಹೋಗ್ತಾಳೇನ್ರಿ?"

ಉತ್ತರ ನನ್ನ ಜೇಬಿನಲ್ಲೇ ಆಮಂತ್ರಣ ಪತ್ರಿಕೆಯಾಗಿ ಕುಳಿತಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅಷ್ಟರಲ್ಲಿ ಬಿಸಿಲೂ ಉಪವಾಸವೂ ಸೇರಿ ನನ್ನನ್ನು ನೆಲಕ್ಕೆ ಕೆಡವಿದವು.

ಕಣ್ಣು ತೆರೆದಾಗ ಕೈಗೆ ಸಲೈನ್ ಹಚ್ಚಿದ್ದರು. ಜೇಬಿನಿಂದ ಬಿದ್ದ ಆಮಂತ್ರಣದಿಂದಲೇ ಮುದುಕಿ ನನಗೆ ಗಾಳಿ ಹಾಕುತ್ತಿದ್ದಳು! ಶೋಭಾ ಅದನ್ನು ಓದಿಯಾಗಿತ್ತು.

"ಅಪ್ಪಾ, ಇಲ್ಲೇ ಇರ್ತೀನಿ ಅಂತ ಅರ್ಜಿ ಕೊಟ್ಟೀನಿ. ನಿಮಗ ಹೆಂಗ ಹೇಳ್ಬೇಕಂತ ತಿಳೀಲಿಲ್ಲ."

ಮುದುಕಿಯ ಬೀಸಣಿಗೆ ನಿಂತಿತು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಇರವ್ವಾ," ಎಂದೆ. ಸಲೈನ್ ಹಚ್ಚಿಸಿಕೊಂಡು ಮಲಗಿದವನು ವಾದ ಮಾಡುವುದಾದರೂ ಹೇಗೆ!

ಸಂಜೆ ಕೊಂಢವಾದಲ್ಲಿ ಹೂಮಾಲೆ ಹಾಕಿದ ಬೋರ್ಡಿನ ಕೆಳಗೆ ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಿದ್ದಳು.

"ಶೋಭಾ ಎಲ್ಲಿ? ಬೋಣಿಗಿ ಹೆಂಗ್ರಿ?"

"ಬೋಣಿಗಿ ಅಲ್ಲೇ ಆತು," ಎಂದು ಆಸ್ಪತ್ರೆಯವರು ನನ್ನ ಹೆಸರಿಗೆ ಬರೆದ ರೋಗಿಯ ಚೀಟಿ, ಆ ಕೇಸ್ ಪೇಪರ್, ಕೊಟ್ಟೆ. ಮಗಳು ಅದರ ಕೊನೆಯಲ್ಲಿ ಕನ್ನಡದಲ್ಲಿ ಬರೆದಿದ್ದಳು: "ಹೊತ್ತಿಗೆ ಸರಿಯಾಗಿ ಊಟ. ಏನೇ ಮಾಡುವ ಮೊದಲು ಮಗಳನ್ನು ಕೇಳುವುದು."

ಹೆಂಡತಿ ಎರಡು ಸಲ ಓದಿದಳು. "ಈ ಔಷಧಾ ನಾ ಹೋದ ತಿಂಗಳ ಕೊಟ್ಟಿದ್ನಲ್ರೀ!"

ನಾನು ಪೂಜೆಗೆ ತಂದ ಪೇಢೆಗಳನ್ನು ಔಷಧಿಯೆಂದು ನುಂಗತೊಡಗಿದೆ.