ನಾಲ್ಕು ಹಾರ್ನ್‌ಬೀಮ್‌ಗಳು

ಸಸ್ಯಶಾಸ್ತ್ರ ಓದಿದವನು ಐಟಿ ಪಾರ್ಕಿನ ತೋಟಕ್ಕೆ ಮೇಲ್ವಿಚಾರಕನಾದರೆ ಗಿಡಗಳಿಗಿಂತ ಪ್ರಸಂಗಗಳೇ ಹುಲುಸಾಗಿ ಬೆಳೆಯುತ್ತವೆ. ವೈಟ್‌ಫೀಲ್ಡಿನಲ್ಲಿ ಆರು ವರ್ಷ ನಾನು ಅದೇ ಬೆಳೆ ಕೊಯ್ದೆ.

೧. ಉಡುಗೊರೆ

ಚಳಿದೇಶದ ಗಿರಾಕಿ ಕಂಪನಿಯೊಂದು ಸ್ನೇಹದ ಗುರುತಾಗಿ ಹಾರ್ನ್‌ಬೀಮ್ ಎಂಬ ಮರದ ನಾಲ್ಕು ಸಸಿ ಕಳಿಸಿತು. ಅಲ್ಲಿ ಅದನ್ನು ಬೇಲಿಗೆ ಬೆಳೆಸುತ್ತಾರೆ. ನಮ್ಮ ಬಿಸಿಲಿಗೆ ಇವು ತಡೆಯುವುದಿಲ್ಲ ಎಂದು ಫೆಸಿಲಿಟಿ ಮ್ಯಾನೇಜರಿಗೆ ಹೇಳಿದೆ. ಅವರು ಹೆಸರಿನ ಬೋರ್ಡಿಗೆ ಆರ್ಡರ್ ಕೊಡುತ್ತಲೇ, "ಸಸಿ ಒಣಗಿದ್ರೆ ನಿಮ್ಮ ಕಾಂಟ್ರ್ಯಾಕ್ಟೂ ಒಣಗುತ್ತೆ, ನೋಡ್ಕೊಳ್ಳಿ" ಅಂದರು. ನನ್ನ ಮಗಳಿಗೂ ಹಿಡಿಯದ ಛತ್ರಿಯನ್ನು ಆ ಸಸಿಗಳಿಗೆ ಹಿಡಿದೆ.

೨. ಕುಟುಂಬ

ಬೋರ್ಡಿನಲ್ಲಿ ಸಸ್ಯದ ಕುಟುಂಬವನ್ನೂ ಬರೆಯಬೇಕಿತ್ತು. ನನ್ನ ಹಳೆಯ ಪುಸ್ತಕದಲ್ಲಿ ಹಾರ್ನ್‌ಬೀಮಿಗೆ ತನ್ನದೇ ಕುಟುಂಬ. ಹೊಸ ಪುಸ್ತಕ ಅದನ್ನು ಬರ್ಚ್ ಮರದ ಕುಟುಂಬಕ್ಕೆ ಸೇರಿಸಿತ್ತು. ಹಳೆಯದನ್ನೇ ಬರೆದುಕೊಟ್ಟಿದ್ದೇನೆ, ತಿದ್ದಬೇಕು ಎಂದು ಮ್ಯಾನೇಜರಿಗೆ ಹೇಳಿದೆ. ಅಂದರೆ ಟೀಮ್ ಬದಲಾಗಿದೆ, ಎರಡೂ ಕಡೆಯ ಮ್ಯಾನೇಜರುಗಳ ಒಪ್ಪಿಗೆ ಮೇಲ್ ಇದೆಯಾ ಎಂದು ಅವರು ಕೇಳಿದರು. ಇಲ್ಲ ಎಂದೆ.

"ಹಾಗಾದ್ರೆ ಅದಿನ್ನೂ ಹಳೇ ಟೀಮಲ್ಲೇ ಇದೆ ಕಣ್ರೀ."

೩. ಭೇಟಿ

ಏಪ್ರಿಲ್‌ನಲ್ಲಿ ನಾನು ವಾರ ರಜೆ ಹಾಕಿದೆ. ನಾಲ್ಕೂ ಸಸಿ ಸುಟ್ಟುಹೋದವು. ತೋಟದ ಕೆಲಸಕ್ಕಿದ್ದ ಗದಗ ಕಡೆಯ ಅಕ್ಕ, ಪಾಪ, ನನ್ನ ಕೆಲಸ ಹೋದೀತೆಂದು ಹೆದರಿ ಅದೇ ಗುಂಡಿಗಳಲ್ಲಿ ಹೊಂಗೆ ನೆಟ್ಟುಬಿಟ್ಟಿದ್ದಳು. ಬೋರ್ಡು ಹಾಗೇ ಇತ್ತು. ಅವರೆ, ತೊಗರಿಯ ಕುಟುಂಬದ ಹೊಂಗೆ ಮೂರು ವರ್ಷ ಹಾರ್ನ್‌ಬೀಮ್ ಎಂಬ ಹೆಸರಲ್ಲಿ ಸೊಂಪಾಗಿ ಬೆಳೆಯಿತು. ನಿಜ ಹೇಳುವ ಧೈರ್ಯ ನನಗೂ ಬರಲಿಲ್ಲ.

ಆಮೇಲೆ ಗಿರಾಕಿ ಕಂಪನಿಯ ದೊಡ್ಡ ಸಾಹೇಬರೇ ಬಂದರು. ಹಾರ್ನ್‌ಬೀಮಿನ ಎಲೆಯಂಚು ಗರಗಸದಂತೆ, ಹೊಂಗೆಯದು ನುಣುಪು. ಒಂದೆಲೆ ಮುಟ್ಟಿದರೂ ನನ್ನ ಕಥೆ ಮುಗಿಯುತ್ತಿತ್ತು. ಅವರು ಎಲೆ ಮುಟ್ಟಿದರು. ಆಮೇಲೆ ಬೋರ್ಡು ಓದಿದರು, ನೆರಳಲ್ಲಿ ನಿಂತು ಬೆವರೊರೆಸಿಕೊಂಡರು. ತಮ್ಮೂರಲ್ಲಿ ಹಾರ್ನ್‌ಬೀಮ್ ಇಷ್ಟು ಚೆನ್ನಾಗಿ ಬಂದದ್ದನ್ನು ಕಂಡೇ ಇಲ್ಲ ಎಂದರು.

ಮುಂದಿನ ವಾರ ಮೇಲ್ ಬಂತು. ಹಾರ್ನ್‌ಬೀಮ್ ಬೆಳೆಸುವುದನ್ನು ಅವರ ಮಾಲಿಗಳಿಗೆ ಕಲಿಸಲು ನಾನು ಅಲ್ಲಿಗೆ ಹೋಗಬೇಕಂತೆ. ನಾನು ಬಾಯಿ ಬಿಡುವಷ್ಟರಲ್ಲಿ ಮ್ಯಾನೇಜರು ಟಿಕೆಟ್ ಬುಕ್ ಮಾಡಿದ್ದರು. ತಲೆ ಮೇಲೆ ಕೈಹೊತ್ತು ಅಕ್ಕನ ಹತ್ತಿರ ಹೋಗಿ ಕೂತೆ. ಅವಳು ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ.

"ಹೋಗಿ ಬರ್ರಿ ಸರ, ಹೊಂಗಿ ಬೀಜ ಒಂದ್ ಗಂಟು ಕಟ್ಟಿಕೊಡ್ತೀನಿ. ಅಲ್ಲಿ ಚಳಿಗೆ ಸತ್ತು ಹೋದ್ವಂದ್ರ, ಆ ಗುಂಡ್ಯಾಗ ಅವ್ರ ಗಿಡಾನ ಹಚ್ಚಿ ಬಂದ್‌ಬಿಡ್ರಿ."