ಚಿಕ್ಕಪ್ಪನ ಲಂಡನ್ ಪ್ರಾಸ

ನಮ್ಮ ಚಿಕ್ಕಪ್ಪ ಹಾಸನ ಜಿಲ್ಲೆ ದಾಟಿದವರಲ್ಲ. ಆದರೂ ಅವರಾಡುವ ಇಂಗ್ಲಿಷ್ ಅರ್ಥವಾಗಬೇಕಾದರೆ ನೀವು ಲಂಡನ್ನಿನಲ್ಲೇ, ಅದೂ ಅಲ್ಲಿನ ಸಂತೆಬೀದಿಯಲ್ಲೇ ಹುಟ್ಟಿರಬೇಕು! ಅಪ್ಪನಿಲ್ಲದ ನನಗೆ ಹಿರಿಯರೆಂದರೆ ಅವರೇ. ಹಾಗಾಗಿ ಹೋದಲ್ಲೆಲ್ಲ ಅವರು ಮಾತಾಡುವುದು, ನಾನು ತಲೆ ತಗ್ಗಿಸುವುದು.

ಕೊಣನೂರಿನ ಕಡೆ ಇಂಗ್ಲಿಷ್ ಮೇಷ್ಟ್ರಾಗಿದ್ದು ರಿಟೈರಾಗುವವರೆಗೂ ನೆಟ್ಟಗೇ ಇದ್ದರು. ಹೊಳೆನರಸೀಪುರಕ್ಕೆ ಬಂದು ನೆಲೆಸಿದ ಮೇಲೆ ಕೈಗೊಂದು ಮೊಬೈಲ್ ಬಂತು. ಅದರೊಳಗೆ ಯಾರೋ ಬಿಳಿಯ ಮುದುಕ ಲಂಡನ್ನಿನ ಪ್ರಾಸದ ಮಾತು ಹೇಳಿಕೊಡುತ್ತಿದ್ದ. ಮುಗಿಯಿತು ಕಥೆ!

"ಮೆಟ್ಲಿಗೆ ಸ್ಟೇರ್ಸ್ ಅನ್ನಂಗಿಲ್ಲ ಕಣ್ಲಾ. ಆಪಲ್ಸ್ ಅಂಡ್ ಪೇರ್ಸ್ ಅನ್ಬೇಕು. ಸ್ಟೇರ್ಸು, ಪೇರ್ಸು, ಪ್ರಾಸ ಬಂತಾ? ಆಮ್ಯಾಕೆ ಪೇರ್ಸನ್ನೂ ಕಿತ್ತಾಕಿ ಬರೀ ಆಪಲ್ಸ್ ಅಂತಾರೆ!"

"ಪ್ರಾಸದ ಮಾತನ್ನೇ ಕಿತ್ತಾಕಿದ್ರೆ ಕೇಳ್ದೋರಿಗೆ ಗೊತ್ತಾಗೋದೆಂಗೆ ಚಿಕ್ಕಪ್ಪ?"

"ಗೊತ್ತಾಗಬಾರ್ದು ಅಂತಲೇ ಕಣ್ಲಾ! ಅಲ್ಲಿನ ಬೀದಿ ವ್ಯಾಪಾರದೋರು ಪೊಲೀಸ್ರಿಗೆ ತಿಳೀಬಾರ್ದು ಅಂತ ಕಟ್ಕೊಂಡಿದ್ದಂತೆ. ಸಂತೇಲಿ ದನದ ದಲ್ಲಾಳಿಗಳು ಟವಲ್ ಕೆಳಗೆ ಬೆರಳು ಮುಟ್ಟಿ ರೇಟು ಮಾತಾಡಲ್ವಾ? ಅಂಗೆ."

ಮನೆಯೊಳಗೆ ಏನಾದರೂ ಅಂದುಕೊಳ್ಳಲಿ. ಆದರೆ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅವರ ಕೈಚೀಲ ಕಿತ್ತುಕೊಂಡು ಓಡಿದಾಗ ಏನೆಂದು ಕೂಗಬೇಕು? "ಕಳ್ಳ" ಎಂದು ತಾನೆ? ಇವರು, "ಟೀ ಲೀಫ್! ಟೀ ಲೀಫ್!" ಎಂದು ಕೂಗಿದರು. ಥೀಫ್‌ಗೆ ಅದು ಪ್ರಾಸವಂತೆ! ಹೂ ಮಾರುವಾಕೆ ಕನಿಕರದಿಂದ, "ಟೀ ಪುಡಿ ಆ ಮೂಲೆ ಅಂಗಡೀಲಿ ಸಿಕ್ತದೆ, ಸಾ" ಎಂದಳು. ಕಳ್ಳ ಬಾಗೂರಿನ ಬಸ್ಸು ಹತ್ತಿ ಹೋದ. ಸುತ್ತ ನಿಂತವರೆಲ್ಲ ನಗುವಾಗ, ಇವರು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವಂತೆ ನಾನು ಬಸ್ಸಿನ ಬೋರ್ಡು ಓದುತ್ತಿದ್ದೆ.

ಅರಕಲಗೂಡಿಗೆ ಹೆಣ್ಣು ನೋಡಲು ಹೋದಾಗಲಂತೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹುಡುಗಿಯ ತಂದೆ ಸಹಜವಾಗಿ, "ಅಮ್ಮೋರು ಬರ್ಲಿಲ್ವಾ ಮೇಷ್ಟ್ರೇ?" ಎಂದರು.

"ನನ್ನ ಟ್ರಬಲ್ ಅಂಡ್ ಸ್ಟ್ರೈಫ್‌ಗೆ ಮಂಡಿನೋವು."

ಅವರಿಗೆ ತಿಳಿದದ್ದು ಟ್ರಬಲ್ ಒಂದೇ. ಗಾಬರಿಯಾಗಿ, "ಮನೇಲೇನು ಟ್ರಬಲ್ ಸಾ?" ಎಂದರು.

"ಎಂಡ್ತಿ!" ಎಂದರು ಚಿಕ್ಕಪ್ಪ, ಹೆಮ್ಮೆಯಿಂದ. ವೈಫ್‌ಗೆ ಸ್ಟ್ರೈಫು ಪ್ರಾಸವೆಂದು ಅಲ್ಲಿ ಯಾರಿಗೆ ಗೊತ್ತು? ಹುಡುಗಿಯ ತಾಯಿ ಮಗಳ ಮುಖ ನೋಡಿದರು. ನನ್ನ ಗಂಟಲಲ್ಲಿ ಉಪ್ಪಿಟ್ಟು ಸಿಕ್ಕಿಕೊಂಡಿತು. ಪುಣ್ಯಕ್ಕೆ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮದುವೆಯಾದದ್ದು ಆ ನಗುವಿನಿಂದಲೇ ಹೊರತು ನನ್ನ ಮುಖ ನೋಡಿ ಅಲ್ಲ!

ಮದುವೆಯಾದ ವರ್ಷವೇ ಚಿಕ್ಕಮ್ಮನಿಗೆ ಲಕ್ವ ಹೊಡೆಯಿತು. ಕೈಕಾಲು ಚೇತರಿಸಿಕೊಂಡವು, ಮಾತು ಮಾತ್ರ ಅಡ್ಡದಾರಿ ಹಿಡಿಯಿತು. ಉಪ್ಪು ಎನ್ನಲು ಹೋದರೆ ಸೊಪ್ಪು ಎಂದು ಬರುತ್ತಿತ್ತು, ಹಾಲು ಎನ್ನಲು ಹೋದರೆ ಕಾಲು. ನೋಡಲು ಬಂದ ನೆಂಟರು ಕಿಸಕ್ಕೆಂದರು. ಅಂದಿನಿಂದ ಚಿಕ್ಕಮ್ಮ ಬಾಯಿಯನ್ನೇ ಮುಚ್ಚಿಕೊಂಡರು. ಮಾತಾಡಿಸುತ್ತಲೇ ಇರಿ, ಇಲ್ಲದಿದ್ದರೆ ಇರುವ ಮಾತೂ ಹೋಗುತ್ತದೆ ಎಂದಿದ್ದರು ಡಾಕ್ಟರು. ಚಿಕ್ಕಪ್ಪ ಬೇಡಿಕೊಂಡರು, ರೇಗಿದರು. ಊಹೂಂ. ಎಲ್ಲದಕ್ಕೂ ಕೈಸನ್ನೆ.

ಒಂದು ಭಾನುವಾರ ನನ್ನ ಮಾವನವರು ಚಿಕ್ಕಮ್ಮನನ್ನು ನೋಡಲು ಬಂದರು. ಬಾಳೆಹಣ್ಣಿನ ತಟ್ಟೆ ಮುಂದಿಟ್ಟೆ. ಬೀಗರು ಮುಟ್ಟದೆ ಕೂತಿದ್ದನ್ನು ನೋಡಿ, ಜೀವಮಾನವೆಲ್ಲ ಬಂದವರನ್ನು ಉಪಚರಿಸಿದ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. ಎಷ್ಟೋ ವಾರಗಳ ಮೇಲೆ ಬಾಯಿ ತೆರೆದರು.

"ಬೀಗ್ರೇ... ಮಣ್ಣು ತಿನ್ನಿ."

ಮಾವನವರ ಮುಖ ಸಪ್ಪಗಾಯಿತು. ಅಂದದ್ದು ಚಿಕ್ಕಮ್ಮನ ಕಿವಿಗೂ ಬಿತ್ತು. ಸೆರಗನ್ನು ಬಾಯಿಗೊತ್ತಿಕೊಂಡರು, ಕಣ್ಣು ತುಂಬಿತು. ನಾನು ನೆಲ ನೋಡಿದೆ.

"ಆಹಾ!" ಚಿಕ್ಕಪ್ಪ ಚಪ್ಪಾಳೆ ತಟ್ಟಿದರು. "ಹಣ್ಣಿಗೆ ಮಣ್ಣು! ಏನ್ ಪ್ರಾಸ ಬೀಗ್ರೇ! ಲಂಡನ್ನೋರು ತಿಣುಕಾಡಿ ಕಟ್ಟಿದ್ದು ಇವಳಿಗೆ ತಾನಾಗೇ ಬತ್ತದೆ!" ಒಂದು ಹಣ್ಣು ಸುಲಿದು ಕಚ್ಚಿದರು. "ಮಣ್ಣು ಬಲು ಸಿಹಿಯಾಗದೆ ಕಣೇ."

ತಿನ್ನುವಾಗಲೂ ಅವರ ಕಣ್ಣು ಚಿಕ್ಕಮ್ಮನ ಮುಖದ ಮೇಲೇ ಇತ್ತು. ಮಾವನವರು ಅದನ್ನು ನೋಡಿದರು. ಮೆಲ್ಲಗೆ ಎದ್ದು ಚಿಕ್ಕಮ್ಮನ ಮುಂದೆ ಕೈಯೊಡ್ಡಿ, "ನಂಗೂ ಒಂದ್ ಮಣ್ಣು ಕೊಡಿ ಅಕ್ಕ" ಎಂದರು. ಚಿಕ್ಕಮ್ಮ ಸೆರಗು ತೆಗೆದು ಹಣ್ಣು ಕೊಟ್ಟರು. ತುಟಿಯಂಚಿನಲ್ಲಿ ನಗುವಿತ್ತು.

ಚಿಕ್ಕಪ್ಪ ನನ್ನನ್ನು ಜಗುಲಿಗೆ ಕರೆದರು. "ನನ್ ಮಾತಿಗೆ ಜನ ನಗ್ತಾರೆ ಅಂತ ನಿಂಗೆ ನಾಚ್ಕೆ, ಗೊತ್ತು ಕಣ್ಲಾ. ನಗ್ಲಿ ಬುಡು. ಅವಳೊಬ್ಬಳನ್ನೇ ನೋಡಿ ನಗೋದು ಬ್ಯಾಡ."

ಅಷ್ಟರಲ್ಲಿ ಒಳಗಿನಿಂದ ಚಿಕ್ಕಮ್ಮನ ದನಿ ತಡೆತಡೆದು ಬಂತು.

"ರೀ... ಬೀಗ್ರಿಗೆ ಕುಡಿಯೋಕೆ... ಬೇರು."

"ತಂದೆ ಕಣೇ, ತಂದೆ!" ಎಂದು ಚಿಕ್ಕಪ್ಪ ಒಳಗೆ ಓಡಿದರು. "ಬಿಸಿ ಬೇರೋ, ತಣ್ಣಂದೋ?"