ನನ್ನನ್ನು ಗುರುತಿಸದ ಮುಂಬಾಗಿಲಿನ ಕ್ಯಾಮೆರಾಗೆ

ಮುಂಬಾಗಿಲ ನೆತ್ತಿಯ ಮೇಲೆ ವಿರಾಜಮಾನರಾಗಿರುವ, ತಂತಿಯ ಹಂಗಿಲ್ಲದ ಕ್ಯಾಮೆರಾ ಮಹಾಶಯರಿಗೆ, ಅದೇ ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕುಳಿತಿರುವ ಈ ಮನೆಯ ಯಜಮಾನನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ತಮ್ಮ ಹಸಿರು ದೀಪದಿಂದ ತಿಳಿದು ಸಂತೋಷವಾಯಿತು. ನಾನು ಇಪ್ಪತ್ತಾರು ವರ್ಷಗಳಿಂದ ಬೀಗ ರಿಪೇರಿ ಮಾಡುವವನು. ಕೀಲಿ ಕಳೆದುಕೊಂಡ ಅರ್ಧ ಊರನ್ನು ಅವರವರ ಮನೆಯೊಳಗೆ ಸೇರಿಸಿದ್ದೇನೆ. ಅಂಥವನ ಮನೆಗೇ ಕಾವಲು ಬೇಕೆಂದು ಬಾಮೈದ ಹಟ ಹಿಡಿದಾಗ ಮೈಯೆಲ್ಲ ಉರಿದುಹೋಯಿತು. ಆದರೂ ಮೂರು ಭಾನುವಾರ ಅಂಗಡಿ ಅಂಗಡಿ ಅಲೆದು, ಬ್ಯಾಟರಿ ಎಷ್ಟು ದಿನ ಬರುತ್ತದೆ, ಮಳೆಗೆ ತಡೆಯುತ್ತದೆಯೇ ಎಂದು ಕೇಳಿ ಅಂಗಡಿಯವರ ತಲೆ ತಿಂದು, "ಹೊಸಾ ಬಣ್ಣದ ಗೋಡೆಗೆ ತಂತಿ ಎಳೀತೀನಿ ಅಂತ ಒಂದು ತೂತು ಕೊರೆದರೂ ಸರಿ ಇರಲ್ಲ ನೋಡಿ" ಎಂಬ ಹೆಂಡತಿಯ ಷರತ್ತಿಗೂ ತಲೆಬಾಗಿ, ಮುಖ ನೋಡಿಯೇ ಬಂದವರು ಯಾರೆಂದು ಕೂಗಿ ಹೇಳುವ ತಮ್ಮನ್ನು ಆರಿಸಿ ತಂದೆವು.

ತಪ್ಪು ನನ್ನದೇ. ತಮಗೆ ಮುಖಪರಿಚಯ ಮಾಡಿಸುವ ದಿನ ಬಾಮೈದ, "ಭಾವ, ಒಂದು ಫೋಟೊ ತೆಗೀಬೇಕು, ಬನ್ನಿ" ಎಂದ. ಫೋಟೊ ಎಂದ ಮೇಲೆ ಇದ್ದ ಹಾಗೆ ಎದ್ದು ಬರಲಾದೀತೇ? ತಲೆಗೆ ಬಣ್ಣ ಹಚ್ಚಿ, ಕನ್ನಡಕ ತೆಗೆದಿಟ್ಟು, ಮದುವೆಯ ಕೋಟು ತೊಟ್ಟು, ಹೊಟ್ಟೆ ಒಳಗೆಳೆದು ನಿಂತೆ. ಆ ಸುಂದರಾಂಗನನ್ನೇ ತಾವು ಯಜಮಾನನೆಂದು ಮನಸ್ಸಿಗೆ ತಂದುಕೊಂಡಿರಿ. ಸಂಜೆ ಗ್ರೀಸು ಮೆತ್ತಿದ ಅಂಗಿಯಲ್ಲಿ ಬರುವವನನ್ನು ಕಂಡರೆ "ಅಪರಿಚಿತ ವ್ಯಕ್ತಿ! ಅಪರಿಚಿತ ವ್ಯಕ್ತಿ!" ಎಂದು ಬೀದಿಗೆಲ್ಲ ಡಂಗುರ ಸಾರುತ್ತೀರಿ. ಫೋಟೊ ಬದಲಿಸೋಣವೆಂದರೆ ಯಜಮಾನರ ಮುಖ ತೋರಿಸಿ ಎನ್ನುತ್ತೀರಿ. ತೋರಿಸಿದರೆ ಮತ್ತೆ ಅದೇ ಬೊಬ್ಬೆ. ತಾವು ಒಪ್ಪದೆ ಒಳಚಿಲಕ ತೆಗೆಯಕೂಡದೆಂದು ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದವನೂ ನಾನೇ, ಒಳಚಿಲಕಕ್ಕೋ ಕೀಲಿಯ ತೂತೇ ಇಲ್ಲ.

ತಮ್ಮ ನಿಷ್ಠೆಗೆ ಎರಡು ಮಾತಿಲ್ಲ. ಬ್ಯಾಟರಿ ಹಾಕಿ ಸಾಕುವವನನ್ನೇ ಕಳ್ಳನೆನ್ನುವ ಎದೆಗಾರಿಕೆ ಇನ್ನಾರಿಗಿದೆ? ಮೊನ್ನೆ ಇಸ್ತ್ರಿಯವನು ಅದೇ ಕೋಟನ್ನು ತನ್ನ ಮುಖ ಮರೆಯಾಗುವಂತೆ ಎತ್ತಿ ಹಿಡಿದು ತಂದಾಗ ಮಾತ್ರ "ಯಜಮಾನರು ಬಂದರು" ಎಂದು ಸ್ವಾಗತಿಸಿದಿರಂತೆ. ಮಗಳು ಓಡಿ ಬಂದು ಬಾಗಿಲು ತೆಗೆದು, ಕೋಟಿನ ತೋಳು ಹಿಡಿದು, "ಅಪ್ಪಾ, ಇವತ್ತು ಬೇಗ ಬಂದ್ಯಲ್ಲ" ಅಂದಳಂತೆ. ಅದನ್ನು ಕೇಳಿ ನನಗೆ ನಗುವೂ ಬರಲಿಲ್ಲ.

ಆದ್ದರಿಂದ ಕೈಮುಗಿದು ಕೇಳುತ್ತೇನೆ: ಯಜಮಾನನೆನ್ನುವುದು ಬೇಡ, "ದಿನಾ ಬರುವ ಅಪರಿಚಿತ" ಎಂದಾದರೂ ಬಡ್ತಿ ಕೊಡಿ. ಅದೂ ಆಗದಿದ್ದರೆ ಆ ಸುಂದರಾಂಗ ಎಲ್ಲಿದ್ದರೂ ಹುಡುಕಿಕೊಡಿ. ಅವನ ಕಾಲು ಹಿಡಿದಾದರೂ ವಾರಕ್ಕೊಮ್ಮೆ ನನ್ನ ಮನೆಯೊಳಗೆ ಹೋಗಿ ಬರುತ್ತೇನೆ.

ಹೊಸ್ತಿಲಾಚೆಯಿಂದ,
ತಮ್ಮ ವಿಶ್ವಾಸಿ (ತಾವು ನನ್ನನ್ನು ನಂಬದಿದ್ದರೂ)

ತಾ.ಕ.: ಈ ಪತ್ರವನ್ನು ತಮ್ಮ ಕಣ್ಣೆದುರು ಅಂಟಿಸುವಾಗ ತಾವು ವಾಡಿಕೆಯಂತೆ ಕೂಗಿಕೊಂಡಿರಿ. ಒಳಗಿನಿಂದ ಹೆಂಡತಿ ಮಗಳಿಗೆ, "ಅಪರಿಚಿತ ಅಂತಿದೆ, ಹಾಗಾದ್ರೆ ನಿಮ್ಮಪ್ಪನೇ. ಹೋಗಿ ಬಾಗಿಲು ತೆಗಿ" ಎಂದಳು. ಅಂತೂ ಒಳಗೆ ಸೇರಿದೆ. ಇನ್ನು ಮೇಲೆ ನಿಜವಾದ ಕಳ್ಳ ಬಂದರೂ ಅವಳು ಹೀಗೇ ಬಾಗಿಲು ತೆಗೆಸಿ, "ಕೈಕಾಲು ತೊಳ್ಕೊಳ್ಳಿ, ಕಾಫಿ ತರ್ತೀನಿ" ಎನ್ನುತ್ತಾಳೆ. ಅವನಿಗೆ ಸಕ್ಕರೆ ಎಷ್ಟು ಬೇಕೆಂದು ತಾವು ಬಾಗಿಲಲ್ಲೇ ಕೇಳಿಟ್ಟುಕೊಂಡರೆ ಉಪಕಾರವಾಗುತ್ತದೆ.